ಬಾಗಿಲು ತೆಗೆಯದ ಪೈಲಟ್: ‘7500’ ಸಿನಿಮಾ ನೋಡಿದ ಓದುಗರಿಗೆ ಉತ್ತರ

ಪ್ರಶ್ನೆ: ನನ್ನೂರು ದಾವಣಗೆರೆ, ಈಗ ಸ್ಟುಟ್‌ಗಾರ್ಟ್‌ನಲ್ಲಿ ಸಾಫ್ಟ್‌ವೇರ್ ಕೆಲಸ. ಮೊನ್ನೆ ಆಫೀಸಿನ ಮೂವರು ನಮ್ಮ ಮನೆಯಲ್ಲಿ ಕೂತು ‘7500’ ಅನ್ನೋ ಹೈಜಾಕ್ ಸಿನಿಮಾ ನೋಡಿದೆವು. ಅರ್ಧಕ್ಕೇ ನಮ್ಮ ಟರ್ಕಿ ಮೂಲದ ಗೆಳೆಯ “ಮತ್ತೆ ನಾವೇ ಭಯೋತ್ಪಾದಕರಾ?” ಅಂತ ಎದ್ದು ಹೋದ. ನನಗೆ ನೋಡಿದರೆ ಅದರಲ್ಲಿ ಮನಸ್ಸಿಗೆ ಹತ್ತಿರವಾಗಿದ್ದೇ ಹೈಜಾಕ್ ಮಾಡಲು ಬಂದ ಆ ಚಿಕ್ಕ ಹುಡುಗ. ಯಾರ ಮಾತು ಸರಿ? ಇನ್ನೊಂದು ವಿಷಯ. ತನ್ನವಳ ಕುತ್ತಿಗೆಗೆ ಚಾಕು ಇಟ್ಟರೂ ಪೈಲಟ್ ಬಾಗಿಲು ತೆಗೆಯಬಾರದು ಅನ್ನೋದು ನಿಜವಾಗ್ಲೂ ನಿಯಮವಾ? ಹೊರಗಿನಿಂದ ತೆಗೆಯೋಕೆ ಆಗಲ್ವಾ? ಗಾಯ ಆದವನು ಒಬ್ಬನೇ ವಿಮಾನ ಇಳಿಸಬಹುದಾ? ಡಿಸೆಂಬರ್‌ನಲ್ಲಿ ಊರಿಗೆ ಬರ್ತಿದ್ದೇವೆ, ನನ್ನ ಹೆಂಡತಿಗೆ ಈಗಲೇ ಭಯ ಹತ್ತಿದೆ.

ಉತ್ತರ: ಕತೆ ಪೂರ್ತಿ ಬಿಟ್ಟುಕೊಡದೆ ಇದಕ್ಕೆ ಉತ್ತರ ಬರೆಯಲು ಆಗುವುದಿಲ್ಲ. ಸಿನಿಮಾ ನೋಡಬೇಕು ಅಂತಿರುವವರು ನೋಡಿಕೊಂಡು ಬಂದು ಓದಿ. ಉಳಿದವರಿಗಾಗಿ ಕತೆ ಇಷ್ಟು.

ಬರ್ಲಿನ್‌ನಿಂದ ಪ್ಯಾರಿಸ್‌ಗೆ ಹೊರಟ ಏರ್‌ಬಸ್ ಎ319. ಕ್ಯಾಪ್ಟನ್ ಜರ್ಮನ್. ಕೋ-ಪೈಲಟ್ ಟೋಬಿಯಸ್ ಅಮೆರಿಕದವನು, ಆ ಪಾತ್ರ ಮಾಡಿದ್ದು ಜೋಸೆಫ್ ಗಾರ್ಡನ್-ಲೆವಿಟ್. ಅದೇ ವಿಮಾನದಲ್ಲಿ ಗಗನಸಖಿಯಾಗಿರುವ ಗೋಕ್ಚೆ ಅವನ ಸಂಗಾತಿ, ಟರ್ಕಿ ಮೂಲದವಳು. ಇಬ್ಬರಿಗೂ ಒಂದು ಪುಟ್ಟ ಮಗನಿದ್ದಾನೆ. ಕಾಕ್‌ಪಿಟ್ ಬಾಗಿಲು ತೆರೆದ ಗಳಿಗೆ ನೋಡಿಕೊಂಡು, ಗಾಜಿನ ಚೂರಿನಿಂದ ಮಾಡಿದ ಚಾಕು ಹಿಡಿದವರು ಒಳಗೆ ನುಗ್ಗುತ್ತಾರೆ. ಕ್ಯಾಪ್ಟನ್‌ಗೆ ಇರಿತ, ಟೋಬಿಯಸ್‌ನ ತೋಳಿಗೆ ಗಾಯ. ಅವನು ಹೇಗೋ ಒಬ್ಬನನ್ನು ಹೊಡೆದು ಕೆಡವಿ ಬಾಗಿಲು ಮುಚ್ಚುತ್ತಾನೆ. ಮುಂದೆ ಹೊರಗೆ ಆಗುವುದನ್ನೆಲ್ಲ ಅವನೂ ನಾವೂ ನೋಡುವುದು ಒಂದು ಪುಟ್ಟ ಸ್ಕ್ರೀನ್‌ನಲ್ಲಿ. ಬಾಗಿಲು ತೆಗಿ, ಇಲ್ಲದಿದ್ದರೆ ಕೊಲ್ಲುತ್ತೇವೆ ಅನ್ನುತ್ತಾರೆ. ಮೊದಲು ಒಬ್ಬ ಪ್ರಯಾಣಿಕ, ಆಮೇಲೆ ಗೋಕ್ಚೆ. ಅವನು ತೆಗೆಯುವುದಿಲ್ಲ. ಇಬ್ಬರೂ ಸಾಯುತ್ತಾರೆ.

ನಿರ್ದೇಶಕ ಪ್ಯಾಟ್ರಿಕ್ ಫೋಲ್‌ರಾತ್‌ಗೆ ಇದು ಮೊದಲ ಪೂರ್ಣ ಪ್ರಮಾಣದ ಚಿತ್ರ. 2019ರಲ್ಲಿ ಸ್ವಿಟ್ಜರ್ಲೆಂಡಿನ ಲೊಕಾರ್ನೊ ಚಿತ್ರೋತ್ಸವದಲ್ಲಿ ಮೊದಲು ತೋರಿಸಿದರು, 2020ರ ಜೂನ್‌ನಲ್ಲಿ ಅಮೆಜಾನ್ ಪ್ರೈಮ್‌ಗೆ ಬಂತು. ಕ್ಯಾಪ್ಟನ್ ಪಾತ್ರದ ಕಾರ್ಲೊ ಕಿಟ್ಸ್‌ಲಿಂಗರ್ ನಿಜ ಜೀವನದಲ್ಲೂ ಪೈಲಟ್ ಆಗಿದ್ದವರು. ಏರ್‌ಬಸ್ ಹಾರಿಸಿಯೇ ನಿವೃತ್ತನಾದ ನನಗೆ ಇದು ಮೊದಲ ಹತ್ತು ನಿಮಿಷದಲ್ಲೇ ಗೊತ್ತಾಯಿತು. ಚೆಕ್‌ಲಿಸ್ಟ್ ಓದುವಾಗಿನ ಆ ಬೇಸರದ ದನಿ, ಓದುತ್ತಲೇ ಕೈ ತಾನಾಗಿ ಸ್ವಿಚ್ ಕಡೆ ಹೋಗುವ ರೀತಿ, ಇದನ್ನೆಲ್ಲ ನಟನಿಗೆ ಹೇಳಿಕೊಡುವುದು ಕಷ್ಟ. ಸಾಮಾನ್ಯವಾಗಿ ಸಿನಿಮಾ ಪೈಲಟ್‌ಗಳು ರೇಡಿಯೋದಲ್ಲಿ ಕಿರುಚುತ್ತಾರೆ. ಇಲ್ಲಿ ಯಾರೂ ಕಿರುಚುವುದಿಲ್ಲ, ಅದೇ ಭಯ ಹುಟ್ಟಿಸುತ್ತದೆ.

ಈಗ ನಿಮ್ಮ ಬಾಗಿಲಿನ ಪ್ರಶ್ನೆ. ಹೌದು, ನಿಯಮ ಅದೇ.

ನಾನು ಕೆಲಸಕ್ಕೆ ಸೇರಿದ ಕಾಲದಲ್ಲಿ ಹೀಗಿರಲಿಲ್ಲ. ಆಗ ಕಾಕ್‌ಪಿಟ್ ಬಾಗಿಲು ಅಂದರೆ ಒಂದು ಹಗುರ ಹಲಗೆ. ಮಕ್ಕಳು ಒಳಗೆ ಬಂದು ನೋಡಿಕೊಂಡು ಹೋಗುತ್ತಿದ್ದರು. ಹೈಜಾಕ್ ಆದರೆ ಏನು ಮಾಡಬೇಕು ಅಂತ ಹೇಳಿಕೊಡುತ್ತಿದ್ದದ್ದೂ ಬೇರೆ: ಎದುರು ಮಾತಾಡಬೇಡ, ಅವರು ಹೇಳಿದಲ್ಲಿಗೆ ಹೋಗು, ವಿಮಾನ ನೆಲಕ್ಕೆ ಇಳಿಸು, ಮಿಕ್ಕಿದ್ದನ್ನು ಸರ್ಕಾರ ನೋಡಿಕೊಳ್ಳುತ್ತದೆ. ಹೈಜಾಕ್ ಮಾಡುವವನಿಗೂ ಬದುಕುವ ಆಸೆ ಇದೆ, ಅವನಿಗೆ ಬೇಕಿರುವುದು ಚೌಕಾಸಿ ಅನ್ನುವುದು ಆ ಪಾಠದ ತಳಪಾಯ. 1999ರ ಡಿಸೆಂಬರ್ 24ರಂದು ಕಠ್ಮಂಡುವಿನಿಂದ ಹೊರಟು ಹೈಜಾಕ್ ಆದ ಇಂಡಿಯನ್ ಏರ್‌ಲೈನ್ಸ್ ವಿಮಾನ ಐಸಿ 814 ನಿಮಗೆ ನೆನಪಿರಬಹುದು. ಅಮೃತಸರ, ಲಾಹೋರ್, ದುಬೈ, ಕೊನೆಗೆ ಕಂದಹಾರ್. ಇಡೀ ದೇಶ ಒಂದು ವಾರ ಟಿವಿ ಮುಂದೆ ಕೂತಿತ್ತು. ಅಲ್ಲಿ ಕ್ಯಾಪ್ಟನ್ ದೇವಿ ಶರಣ್ ಅವರ ಬೆನ್ನ ಹಿಂದೆಯೇ ಪಿಸ್ತೂಲು ಹಿಡಿದವರಿದ್ದರು. ಬಾಗಿಲು ತೆಗೆಯಲೋ ಬೇಡವೋ ಅನ್ನುವ ಪ್ರಶ್ನೆಯೇ ಬರಲಿಲ್ಲ.

2001ರ ಸೆಪ್ಟೆಂಬರ್ 11 ಆ ತಳಪಾಯವನ್ನೇ ಕಿತ್ತು ಹಾಕಿತು. ಒಳಗೆ ಬಂದವನು ಚೌಕಾಸಿಗೆ ಬರದೆ ವಿಮಾನವನ್ನೇ ಬಾಂಬ್ ಮಾಡಲು ಬಂದಿದ್ದರೆ? ಅಲ್ಲಿಂದ ಲೆಕ್ಕ ಬದಲಾಯಿತು. 2003ರ ನವೆಂಬರ್‌ನಿಂದ, 60ಕ್ಕಿಂತ ಹೆಚ್ಚು ಸೀಟಿನ ಪ್ರಯಾಣಿಕ ವಿಮಾನಗಳಿಗೆಲ್ಲ ಗುಂಡು ತಡೆಯುವ, ಬಲದಿಂದ ಮುರಿಯಲಾಗದ ಬಾಗಿಲು ಕಡ್ಡಾಯ ಎಂದು ಅಂತಾರಾಷ್ಟ್ರೀಯ ನಿಯಮ ಬಂತು. ಅದರ ಜೊತೆಗೇ ಹೊಸ ಪಾಠ: ಹೊರಗೆ ಏನೇ ಆಗಲಿ ಬಾಗಿಲು ತೆಗೆಯಬೇಡ, ಹತ್ತಿರದ ನಿಲ್ದಾಣಕ್ಕೆ ಬೇಗ ಇಳಿಸು. ಟೋಬಿಯಸ್ ಹ್ಯಾನೋವರ್ ಕಡೆ ತಿರುಗಿಸುವುದು ಇದೇ ಪಾಠದ ಪ್ರಕಾರ.

ಆ ಬಾಗಿಲು ಕೆಲಸ ಮಾಡುವ ರೀತಿ ಸಿನಿಮಾದಲ್ಲಿ ಸರಿಯಾಗಿಯೇ ಇದೆ. ಹೊರಗೆ ಗೋಡೆಯ ಮೇಲೆ ಒಂದು ಕೀಪ್ಯಾಡ್. ಒಳಗೆ ಇಬ್ಬರು ಪೈಲಟ್‌ಗಳ ನಡುವೆ ಬೆರಳ ತುದಿಯಷ್ಟು ದೊಡ್ಡದೊಂದು ಸ್ವಿಚ್. ಮೂರು ಸ್ಥಾನ: ತೆಗಿ, ಮಾಮೂಲು, ಲಾಕ್. ಹೊರಗಿನವರು ಕೀಪ್ಯಾಡ್ ಒತ್ತಿದರೆ ಒಳಗೆ ಬಜರ್ ಹೊಡೆಯುತ್ತದೆ. ಪೈಲಟ್ ಸ್ಕ್ರೀನ್ ನೋಡಿ, ಯಾರು ಅಂತ ಖಾತ್ರಿ ಮಾಡಿಕೊಂಡು ತೆಗೆಯುತ್ತಾನೆ. ಪೈಲಟ್‌ಗಳಿಬ್ಬರೂ ಪ್ರಜ್ಞೆ ತಪ್ಪಿದರೆ ಅಂತ ಸಿಬ್ಬಂದಿಗೆ ಒಂದು ತುರ್ತು ಕೋಡ್ ಇರುತ್ತದೆ. ಒಳಗಿನಿಂದ ಯಾರೂ ತಡೆಯದಿದ್ದರೆ ಅದು ಸ್ವಲ್ಪ ಹೊತ್ತಿನ ನಂತರ ಬಾಗಿಲು ತೆರೆಯುತ್ತದೆ. ಆದರೆ ಒಳಗೆ ಎಚ್ಚರವಾಗಿರುವ ಒಬ್ಬ ಲಾಕ್ ಕಡೆ ಸ್ವಿಚ್ ತಳ್ಳಿದರೆ ಆ ಕೋಡೂ ಕೆಲಸಕ್ಕೆ ಬರುವುದಿಲ್ಲ. ಇದಕ್ಕಿಂತ ಜಾಸ್ತಿ ವಿವರ ನಾನು ಬರೆಯುವುದಿಲ್ಲ. ಅಂದರೆ ಹೊರಗಿನವರಿಗೆ ಉಳಿಯುವ ದಾರಿ ಒಂದೇ, ಒಳಗಿರುವವನ ಮನಸ್ಸು. ಸಿನಿಮಾ ಕೈ ಹಾಕುವುದು ಅಲ್ಲಿಗೇ. ಉಕ್ಕಿನ ಬಾಗಿಲು ಮುರಿಯಲು ಆಗುವುದಿಲ್ಲ ಅಂತ ಗೊತ್ತಾದ ಮೇಲೆ ಮನುಷ್ಯನನ್ನು ಮುರಿಯಲು ನೋಡುತ್ತಾರೆ.

ಅವನ ಜಾಗದಲ್ಲಿ ನಾನಿದ್ದರೆ ಏನು ಮಾಡುತ್ತಿದ್ದೆ ಅಂತ ನೀವು ಕೇಳಿಲ್ಲ, ಆದರೆ ಕೇಳುವವರು ಬಹಳ. ಸಿಮ್ಯುಲೇಟರ್‌ನಲ್ಲಿ ಎಂಜಿನ್ ಬೆಂಕಿ ಅಭ್ಯಾಸ ಮಾಡಿಸುತ್ತಾರೆ, ಇದನ್ನು ಮಾಡಿಸಲು ಬರುವುದಿಲ್ಲ. ಆದರೂ ಒಂದು ಮಾತು. ಬಾಗಿಲು ತೆಗೆದರೆ ಅವಳು ಉಳಿಯುತ್ತಾಳೆ ಅನ್ನುವ ಗ್ಯಾರಂಟಿ ಎಲ್ಲಿದೆ? ಟೋಬಿಯಸ್‌ಗೆ ಅದು ಗೊತ್ತು. ಗೊತ್ತಿದ್ದೂ ಅವನ ಕೈ ಸ್ವಿಚ್ ಹತ್ತಿರವೇ ಸುಳಿಯುತ್ತಿರುತ್ತದೆ. ಅತ್ತ ದರಿ, ಇತ್ತ ಪುಲಿ.

ಇಲ್ಲಿ ಜರ್ಮನಿಯದೇ ಒಂದು ತೀರ್ಪು ನೆನಪಾಗುತ್ತದೆ. ಹೈಜಾಕ್ ಆದ ವಿಮಾನವನ್ನು ಸೇನೆ ಹೊಡೆದುರುಳಿಸಬಹುದು ಅಂತ ಅಲ್ಲಿ 2005ರಲ್ಲಿ ಒಂದು ಕಾನೂನು ಬಂತು. 2006ರ ಫೆಬ್ರವರಿ 15ರಂದು ಅಲ್ಲಿನ ಸಂವಿಧಾನ ನ್ಯಾಯಾಲಯ ಅದನ್ನು ರದ್ದು ಮಾಡಿತು. ಕೆಳಗಿರುವವರನ್ನು ಉಳಿಸಲು ಮೇಲಿರುವ ಅಮಾಯಕರನ್ನು ಕೊಲ್ಲುವುದು ಮನುಷ್ಯನ ಘನತೆಗೆ ವಿರುದ್ಧ, ಒಂದು ಜೀವವನ್ನು ಇನ್ನೊಂದರ ಜೊತೆ ತೂಗಬಾರದು ಅನ್ನುವುದು ಅದರ ಸಾರ. ಸರ್ಕಾರಕ್ಕೆ ಈ ಲೆಕ್ಕ ಹಾಕುವ ಹಕ್ಕಿಲ್ಲ. ಆದರೆ ಬಾಗಿಲ ಹಿಂದೆ ಕೂತ ಒಬ್ಬ ಉದ್ಯೋಗಿ ಮನಸ್ಸಿನಲ್ಲೇ ಅದನ್ನು ಹಾಕಬೇಕು, ಅದೂ ನಿಮಿಷಗಳಲ್ಲಿ. ಅವನು ಯಾರನ್ನೂ ಕೊಲ್ಲುತ್ತಿಲ್ಲ, ತೆಗೆಯದೆ ಕೂತಿದ್ದಾನೆ ಅಷ್ಟೆ, ಕಾನೂನಿನಲ್ಲಿ ಎರಡೂ ಬೇರೆ ಬೇರೆ. ಆ ಸೀಟಿನಲ್ಲಿ ಕೂತವನಿಗೆ ಹಾಗನ್ನಿಸುತ್ತದಾ ಅನ್ನುವುದು ಬೇರೆ ಮಾತು.

ಇದೇ ಬಾಗಿಲಿಗೆ ಇನ್ನೊಂದು ಮುಖ ಇದೆ. ನೀವಿರುವ ದೇಶದಲ್ಲಿ ಅದನ್ನು ಯಾರೂ ಮರೆತಿಲ್ಲ. 2015ರ ಮಾರ್ಚ್ 24. ಬಾರ್ಸಿಲೋನಾದಿಂದ ಡ್ಯುಸೆಲ್ಡಾರ್ಫ್‌ಗೆ ಹೊರಟ ಜರ್ಮನ್‌ವಿಂಗ್ಸ್ ವಿಮಾನದಲ್ಲಿ ಕ್ಯಾಪ್ಟನ್ ಹೊರಗೆ ಹೋದಾಗ ಕೋ-ಪೈಲಟ್ ಲಾಕ್ ಹಾಕಿಕೊಂಡು, ಬೇಕಂತಲೇ ಆಲ್ಪ್ಸ್ ಬೆಟ್ಟಕ್ಕೆ ಗುದ್ದಿಸಿದ. ಕ್ಯಾಪ್ಟನ್ ಹೊರಗಿನಿಂದ ಬಾಗಿಲು ಬಡಿದದ್ದು ರೆಕಾರ್ಡಿಂಗ್‌ನಲ್ಲಿದೆ. 150 ಮಂದಿ ಸತ್ತರು. ಅದಕ್ಕೂ ಮುಂಚೆ 2014ರ ಫೆಬ್ರವರಿಯಲ್ಲಿ ಇಥಿಯೋಪಿಯನ್ ಏರ್‌ಲೈನ್ಸ್‌ನ ಅಡಿಸ್ ಅಬಾಬಾ–ರೋಮ್ ವಿಮಾನ. ಅಲ್ಲೂ ಹೀಗೇ. ಕ್ಯಾಪ್ಟನ್ ಶೌಚಾಲಯಕ್ಕೆ ಹೋದಾಗ ಕೋ-ಪೈಲಟ್ಟೇ ಬಾಗಿಲು ಹಾಕಿಕೊಂಡು, ತಾನೇ ಹೈಜಾಕ್ ಅಂತ ತಿಳಿಸುವ 7500 ಕೋಡ್ ಹಾಕಿ, ಆಶ್ರಯ ಕೇಳಲು ಜಿನೀವಾಕ್ಕೆ ತಂದಿಳಿಸಿದ. ಆಮೇಲೆ ಕಾಕ್‌ಪಿಟ್ ಕಿಟಕಿಯಿಂದ ಹಗ್ಗ ಬಿಟ್ಟು ಇಳಿದ. ಯಾರಿಗೂ ಏನೂ ಆಗಲಿಲ್ಲ. ತಮಾಷೆ ಏನಂದರೆ, ಜೊತೆಗೆ ಹಾರಿ ಬಂದದ್ದು ಇಟಲಿ, ಫ್ರಾನ್ಸ್‌ನ ಯುದ್ಧವಿಮಾನಗಳು. ಸ್ವಿಟ್ಜರ್ಲೆಂಡಿನವು ಹಾರಲೇ ಇಲ್ಲ, ಯಾಕಂದರೆ ಆಗ ಅವರ ವಾಯುಪಡೆ ಆಫೀಸ್ ಟೈಮ್‌ನಲ್ಲಿ ಮಾತ್ರ ಸಿದ್ಧವಿರುತ್ತಿತ್ತು.

7500 ಅಂದರೆ ಏನು ಅಂತಲೂ ಹೇಳಿಬಿಡುತ್ತೇನೆ. ಪ್ರತಿ ವಿಮಾನವೂ ನಾಲ್ಕಂಕಿಯ ಒಂದು ಕೋಡ್ ಕಳಿಸುತ್ತಿರುತ್ತದೆ, ಅದನ್ನು ನೋಡಿ ರೇಡಾರ್‌ನಲ್ಲಿ ಯಾವ ವಿಮಾನ ಅಂತ ಗುರುತಿಸುತ್ತಾರೆ. 7700 ಹಾಕಿದರೆ ತುರ್ತು, 7600 ಹಾಕಿದರೆ ರೇಡಿಯೋ ಕೆಟ್ಟಿದೆ, 7500 ಹಾಕಿದರೆ ಹೈಜಾಕ್. ಬಾಯಿ ಬಿಡದೆ ಹೇಳುವ ದಾರಿ. 2019ರ ನವೆಂಬರ್‌ನಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ನಿಂತಿದ್ದ ವಿಮಾನವೊಂದರಲ್ಲಿ ಹೈಜಾಕ್ ಅಲಾರಂ ಕೈತಪ್ಪಿ ಒತ್ತಿಹೋಗಿ, ನಿಲ್ದಾಣಕ್ಕೆ ಪೊಲೀಸರು ನುಗ್ಗಿದ್ದರು.

ಒಬ್ಬನೇ ಇಳಿಸಬಹುದಾ ಅಂದರೆ, ಆರಾಮಾಗಿ. ಈ ವಿಮಾನಗಳನ್ನು ಮಾಡಿರುವುದೇ ಇಬ್ಬರಲ್ಲಿ ಒಬ್ಬ ಕೈಕೊಟ್ಟರೂ ಇನ್ನೊಬ್ಬ ಇಳಿಸುವ ಹಾಗೆ. ಏರ್‌ಬಸ್‌ನಲ್ಲಿ ಸ್ಟೀರಿಂಗ್ ಥರದ್ದು ಇರುವುದಿಲ್ಲ, ಪಕ್ಕದಲ್ಲೊಂದು ಸಣ್ಣ ಸ್ಟಿಕ್ ಇರುತ್ತದೆ. ಎಂಜಿನ್ ವೇಗ ತಾನೇ ನೋಡಿಕೊಳ್ಳುತ್ತದೆ. ಒಂದು ಕೈ ಸರಿಯಾಗಿದ್ದರೆ ಸಾಕು. ನಿಜವಾಗಿ ನಡೆದದ್ದು ಬೇಕೆಂದರೆ ಜರ್ಮನಿಯಲ್ಲೇ ಇದೆ. 1977ರ ಅಕ್ಟೋಬರ್ 13ರಂದು ಮಯೋರ್ಕಾ ದ್ವೀಪದಿಂದ ಫ್ರಾಂಕ್‌ಫರ್ಟ್‌ಗೆ ಹೊರಟ ಲುಫ್ತಾನ್ಸಾದ ‘ಲಾಂಡ್ಸ್‌ಹುಟ್’ ವಿಮಾನವನ್ನು ನಾಲ್ವರು ಪ್ಯಾಲೆಸ್ತೀನಿಯರು ಹೈಜಾಕ್ ಮಾಡಿದರು. ಯೆಮನ್‌ನ ಏಡನ್‌ನಲ್ಲಿ ಕ್ಯಾಪ್ಟನ್ ಯುರ್ಗೆನ್ ಶುಮಾನ್ ಅವರನ್ನು ಪ್ರಯಾಣಿಕರ ಕಣ್ಣೆದುರೇ ಗುಂಡಿಕ್ಕಿ ಕೊಂದರು. ಕೋ-ಪೈಲಟ್ ಯುರ್ಗೆನ್ ಫೀಟರ್ ಕ್ಯಾಪ್ಟನ್ನರ ಹೆಣ ಇದ್ದ ಅದೇ ವಿಮಾನವನ್ನು ಒಬ್ಬರೇ ಸೊಮಾಲಿಯಾದ ಮೊಗದಿಶುವಿಗೆ ಹಾರಿಸಿದರು. ಅಲ್ಲಿ ಅಕ್ಟೋಬರ್ 18ರ ನಡುರಾತ್ರಿ ಜರ್ಮನ್ ಕಮಾಂಡೋಗಳು ನುಗ್ಗಿ ಒತ್ತೆಯಾಳುಗಳನ್ನು ಬಿಡಿಸಿದರು. ಹೆಣದ ಪಕ್ಕ ಕೂತು ವಿಮಾನ ನಡೆಸುವ ಟೋಬಿಯಸ್‌ನನ್ನು ನೋಡಿದ ಹಳೇ ತಲೆಮಾರಿನ ಜರ್ಮನ್ನರಿಗೆ ಫೀಟರ್ ನೆನಪಾಗದೇ ಇರುವುದಿಲ್ಲ.

ಇನ್ನು ನಿಮ್ಮ ಗೆಳೆಯನ ಸಿಟ್ಟು. ನನ್ನ ಮಟ್ಟಿಗೆ ಇದೇ ದೊಡ್ಡ ಪ್ರಶ್ನೆ.

ಅವನು ಎದ್ದು ಹೋದದ್ದಕ್ಕೆ ಬರೀ ಈ ಸಿನಿಮಾ ಕಾರಣ ಆಗಿರಲಾರದು. ಬಹುಶಃ ಅವನ ಅಜ್ಜ 1961ರ ಅಕ್ಟೋಬರ್ 30ರ ಜರ್ಮನಿ–ಟರ್ಕಿ ಕಾರ್ಮಿಕ ಒಪ್ಪಂದದ ಮೇಲೆ ಬಂದವರಿರಬಹುದು. ಪಶ್ಚಿಮ ಜರ್ಮನಿಗೆ ಆಗ ಕಾರ್ಖಾನೆಗೆ, ಗಣಿಗೆ ಆಳು ಬೇಕಿತ್ತು, ಟರ್ಕಿಯಲ್ಲಿ ಕೈಗೆ ಕೆಲಸವಿರಲಿಲ್ಲ. ಬಂದವರನ್ನು ಅತಿಥಿ ಕೆಲಸಗಾರರು ಅಂತ ಕರೆದರು, ಕೆಲ ವರ್ಷ ದುಡಿದು ಹೋಗುತ್ತಾರೆ ಅಂದುಕೊಂಡರು. 1973ರಲ್ಲಿ ಹೊಸಬರನ್ನು ಕರೆಸಿಕೊಳ್ಳುವುದು ನಿಂತಿತು. ಬಂದವರು ಉಳಿದರು, ಹೆಂಡತಿ ಮಕ್ಕಳನ್ನು ಕರೆಸಿಕೊಂಡರು. ಈಗ ಅಲ್ಲಿ ಟರ್ಕಿ ಮೂಲದವರು ಸುಮಾರು 30 ಲಕ್ಷ. ಆದರೆ ಅಲ್ಲೇ ಹುಟ್ಟಿದ ಮಕ್ಕಳಿಗೆ ಹುಟ್ಟಿನಿಂದಲೇ ಜರ್ಮನ್ ಪೌರತ್ವ ಸಿಗುವ ದಾರಿ ತೆರೆದದ್ದು 2000ದಲ್ಲಿ.

ಅದರ ನಡುವೆ ಏನೇನಾಯಿತು ನೋಡಿ. 1992ರ ನವೆಂಬರ್‌ನಲ್ಲಿ ಮ್ಯೋಲ್ನ್ ಊರಿನಲ್ಲಿ ಟರ್ಕಿಯವರ ಮನೆಗೆ ಬೆಂಕಿ ಇಟ್ಟು ಮೂವರನ್ನು ಕೊಂದರು. 1993ರ ಮೇ 29ರಂದು ಝೋಲಿಂಗೆನ್‌ನಲ್ಲಿ ಮತ್ತೆ ಹಾಗೇ, ಒಂದೇ ಕುಟುಂಬದ ಐವರು ಹೆಂಗಸರು, ಹುಡುಗಿಯರು ಸತ್ತರು. 2000ದಿಂದ 2007ರವರೆಗೆ ಒಂದು ನವನಾಜಿ ಗುಂಪು ಹತ್ತು ಜನರನ್ನು ಕೊಂದಿತು. ಎಂಟು ಮಂದಿ ಟರ್ಕಿ ಮೂಲದವರು, ಒಬ್ಬ ಗ್ರೀಕ್, ಒಬ್ಬಳು ಜರ್ಮನ್ ಪೊಲೀಸ್. ಹೂವಿನ ವ್ಯಾಪಾರಿ, ತರಕಾರಿ ಅಂಗಡಿಯವನು, ದರ್ಜಿ, ಇಂಥವರು. ಪೊಲೀಸರು ವರ್ಷಗಟ್ಟಲೆ ಅನುಮಾನಿಸಿದ್ದು ಸತ್ತವರ ಮನೆಯವರನ್ನೇ. ಪತ್ರಿಕೆಗಳು ‘ಡೋನರ್ ಕೊಲೆಗಳು’ ಅಂತ ತಲೆಬರಹ ಕೊಟ್ಟವು, ಡೋನರ್ ಅಂದರೆ ಟರ್ಕಿಯ ಕಬಾಬ್. ಸತ್ಯ ಹೊರಬಿದ್ದದ್ದು 2011ರಲ್ಲಿ. ಇನ್ನು 2020ರ ಫೆಬ್ರವರಿ 19ರಂದು ಹನಾವು ಊರಿನಲ್ಲಿ ಜನಾಂಗದ್ವೇಷಿಯೊಬ್ಬ ವಲಸಿಗ ಕುಟುಂಬಗಳ ಒಂಬತ್ತು ಜನರನ್ನು ಗುಂಡಿಕ್ಕಿ ಕೊಂದ. ‘7500’ ಪ್ರೈಮ್‌ಗೆ ಬಂದದ್ದು ಅದಾಗಿ ನಾಲ್ಕೇ ತಿಂಗಳಿಗೆ. ನಿಮ್ಮ ಗೆಳೆಯನ ಮಾತನ್ನು ಇದೆಲ್ಲದರ ಜೊತೆಗಿಟ್ಟು ಕೇಳಿ.

ಇನ್ನೊಂದು ಕಡೆಯದ್ದೂ ಸುಳ್ಳಲ್ಲ. 2016ರ ಡಿಸೆಂಬರ್ 19ರಂದು ಬರ್ಲಿನ್‌ನ ಕ್ರಿಸ್‌ಮಸ್ ಸಂತೆಗೆ ಲಾರಿ ನುಗ್ಗಿಸಿ ಹನ್ನೆರಡು ಜನರ ಜೀವ ತೆಗೆದವನು ಐಸಿಸ್ ಹೆಸರು ಹೇಳಿದ್ದ. ಅವನು ಟುನೀಶಿಯಾದವನು, ಟರ್ಕಿಯವನಲ್ಲ. ಆ ವರ್ಷಗಳಲ್ಲಿ ಜರ್ಮನಿಯಿಂದ ಸಾವಿರಕ್ಕೂ ಹೆಚ್ಚು ಜನ ಸಿರಿಯಾ, ಇರಾಕ್‌ಗೆ ಹೋಗಿ ಸೇರಿಕೊಂಡರು, ಅದರಲ್ಲಿ ಹದಿಹರೆಯದವರೂ ಇದ್ದರು. ಹಾಗಾಗಿ ಬರ್ಲಿನ್‌ನಲ್ಲೇ ಬೆಳೆದ ಹುಡುಗನೊಬ್ಬ ಇಂಥ ಗುಂಪಿಗೆ ಬೀಳುವ ಕತೆಯನ್ನು ನಿರ್ದೇಶಕ ಗಾಳಿಯಿಂದ ಹಿಡಿದು ತಂದಿಲ್ಲ.

ನಾನು ಸಿನಿಮಾವನ್ನು ನೋಡುವುದು ಹೀಗೆ. ಶುರುವಿನ ನಿಲ್ದಾಣದ ಸಿಸಿಟಿವಿ ದೃಶ್ಯಗಳಾದ ಮೇಲೆ ಕ್ಯಾಮೆರಾ ಕಾಕ್‌ಪಿಟ್ ಬಿಟ್ಟು ಹೋಗುವುದಿಲ್ಲ ಅನ್ನುವುದೇ ಇದರ ದೊಡ್ಡ ಬಲ. ಅದೇ ಇದರ ನೆಪ ಕೂಡ. ಹೊರಗಿರುವವರೆಲ್ಲ ಅಂಗೈ ಅಗಲದ ಸ್ಕ್ರೀನಿನಲ್ಲಿ ಮಸುಕು ಮುಖಗಳು. ಗಡ್ಡ, ಕೂಗು, ಚಾಕು, ಅಷ್ಟೇ ಕಾಣುವುದು. ಪಶ್ಚಿಮದವರು ಮುಸ್ಲಿಮರ ಮೇಲೆ ಮಾಡಿದ್ದಕ್ಕೆ ಸೇಡು ಅನ್ನುವ ಮಾತು ಬಿಟ್ಟರೆ ಆ ಗುಂಪಿನ ನಾಯಕನ ಬಗ್ಗೆ ನಮಗೆ ಏನೂ ತಿಳಿಯುವುದಿಲ್ಲ. ಟೋಬಿಯಸ್‌ಗೆ ತಿಳಿಯದ್ದು ನಮಗೂ ತಿಳಿಯಬಾರದು ಅಂತ ನಿರ್ದೇಶಕರು ವಾದಿಸಬಹುದು. ಒಪ್ಪಿದೆ. ಆದರೆ ಆ ಮಸುಕು ಮುಖವೇ ಅಲ್ವಾ ನಿಮ್ಮ ಗೆಳೆಯನಿಗೆ ದಿನಾ ಟಿವಿಯಲ್ಲಿ ಕಾಣುವುದು?

ಗೋಕ್ಚೆಯ ವಿಷಯದಲ್ಲಿ ನನಗೆ ಇನ್ನೂ ಬೇಸರ ಇದೆ. ಟರ್ಕಿ ಮೂಲದವಳು, ಜರ್ಮನಿಯಲ್ಲಿ ಕೆಲಸ, ಅಮೆರಿಕದ ಸಂಗಾತಿ, ಪುಟ್ಟ ಮಗ. ಈ ಕತೆಯ ಗಂಟು ಇರುವುದೇ ಅವಳಲ್ಲಿ. ಶುರುವಿನಲ್ಲಿ ಅವಳೂ ಟೋಬಿಯಸ್ಸೂ ಮಗನನ್ನು ಯಾವ ಶಿಶುವಿಹಾರಕ್ಕೆ ಸೇರಿಸುವುದು ಅಂತ ಮಾತಾಡುತ್ತಾರೆ. ಎಲ್ಲ ಅಪ್ಪ-ಅಮ್ಮಂದಿರ ಹಾಗೆ, ಅರ್ಧ ಗಡಿಬಿಡಿಯಲ್ಲಿ. ಇವರಿಬ್ಬರ ಮಗು ನಾಳೆ ಏನಾಗಿ ಬೆಳೆಯುತ್ತದೆ, ಜರ್ಮನ್ನಾಗಿಯಾ ಟರ್ಕಿಯವನಾಗಿಯಾ ಅನ್ನುವ ಪ್ರಶ್ನೆ ಆ ಮಾತಿನೊಳಗೇ ಇದೆ. ಅಂಥ ಸನ್ನಿವೇಶ ಇನ್ನೆರಡು ಇದ್ದಿದ್ದರೆ ಸಿನಿಮಾದ ತೂಕವೇ ಬೇರೆಯಾಗುತ್ತಿತ್ತು. ನಟಿ ಐಲಿನ್ ತೆಝೆಲ್ ಸಿಕ್ಕ ಕೆಲವೇ ನಿಮಿಷದಲ್ಲಿ ಜೀವ ತುಂಬಿದ್ದಾರೆ. ಆದರೆ ಬರಹಗಾರರಿಗೆ ಅವಳು ಬೇಕಾಗಿದ್ದದ್ದು ಟೋಬಿಯಸ್‌ನ ಎದೆ ಒಡೆಯಲು.

ಒಂದು ಮಾತ್ರ ಅವರು ಸರಿ ಹಿಡಿದಿದ್ದಾರೆ. ಧರ್ಮದ ಹೆಸರು ಹೇಳಿಕೊಂಡು ಬಂದವರ ಚಾಕು ಮೊದಲು ಬೀಳುವುದು ಎಷ್ಟೋ ಸಲ ತಮ್ಮವರ ಮೇಲೆ. 1994ರ ಡಿಸೆಂಬರ್ 24ರಂದು ಅಲ್ಜೀರ್ಸ್‌ನಲ್ಲಿ ಏರ್ ಫ್ರಾನ್ಸ್ 8969 ವಿಮಾನವನ್ನು ನಾಲ್ವರು ಅಲ್ಜೀರಿಯಾದ ಉಗ್ರರು ಹಿಡಿದರು. ಸಿಟ್ಟು ಇದ್ದದ್ದು ಫ್ರಾನ್ಸ್ ಮೇಲೆ. ಮೊದಲು ಕೊಂದದ್ದು ಅಲ್ಜೀರಿಯಾದವನೇ ಆದ ಒಬ್ಬ ಪೊಲೀಸನನ್ನು. ಎರಡನೆಯವರು ವಿಯೆಟ್ನಾಂನ ರಾಜತಾಂತ್ರಿಕ, ಮೂರನೆಯವರು ಫ್ರೆಂಚ್ ರಾಯಭಾರಿ ಕಚೇರಿಯ ಅಡುಗೆಯವರು. ವಿಮಾನದಲ್ಲಿದ್ದ ಹೆಂಗಸರಿಗೆ ತಲೆ ಮುಚ್ಚಿಕೊಳ್ಳಿ ಅಂತ ಹೇಳಿದ್ದರು. ಡಿಸೆಂಬರ್ 26ರಂದು ಮಾರ್ಸೆಲ್‌ನಲ್ಲಿ ಫ್ರೆಂಚ್ ಕಮಾಂಡೋಗಳು ನುಗ್ಗಿದಾಗ ಕೋ-ಪೈಲಟ್ ಕಾಕ್‌ಪಿಟ್ ಕಿಟಕಿಯಿಂದ ಹೊರಗೆ ಹಾರಿದರು, ನಾಲ್ವರೂ ಉಗ್ರರು ಸತ್ತರು.

ಜನಾಂಗದ ಗೆರೆ ಎಳೆದು ಪ್ರಯಾಣಿಕರನ್ನು ಬೇರೆ ಮಾಡಿದ ಹೈಜಾಕ್ ಅಂದರೆ ಏರ್ ಫ್ರಾನ್ಸ್ ವಿಮಾನವನ್ನು ಉಗಾಂಡಾಕ್ಕೆ ಒಯ್ದ 1976ರ ಎಂಟೆಬ್ಬೆ. ಅದರಲ್ಲಿ ಇಬ್ಬರು ಜರ್ಮನ್ನರೇ ಹೈಜಾಕರ್‌ಗಳು, ಇಸ್ರೇಲಿಗಳನ್ನು ಬೇರೆ ಕೋಣೆಗೆ ಕಳಿಸಿದವರೂ ಅವರ ಗುಂಪೇ. ಯಹೂದಿಗಳ ನರಮೇಧ ಮುಗಿದು ಆಗಿನ್ನೂ 31 ವರ್ಷ. ಬೇರೆಯವರನ್ನೆಲ್ಲ ಬಿಟ್ಟಾಗ ಫ್ರೆಂಚ್ ಕ್ಯಾಪ್ಟನ್ ಮಿಷೆಲ್ ಬಾಕೋಸ್ ಮತ್ತು ಅವರ ಸಿಬ್ಬಂದಿ ಹೋಗಲು ಒಪ್ಪಲಿಲ್ಲ, ಪ್ರಯಾಣಿಕರ ಜೊತೆಗೇ ಉಳಿದರು. ಬಾಕೋಸ್ ಅವರ ಕಾಲದ ಪೈಲಟ್ ಪ್ರಯಾಣಿಕರ ಜೊತೆ ನಿಲ್ಲಬಹುದಿತ್ತು. ಟೋಬಿಯಸ್‌ನ ಕಾಲದವನು ಅವರನ್ನು ಕಾಪಾಡಬೇಕೆಂದರೆ ಅವರಿಂದ ಬೇರೆಯಾಗಿ ಕೂರಬೇಕು.

ಈಗ ನಿಮ್ಮ ಆ ಹುಡುಗ. ಹೆಸರು ವೆದಾತ್, ನಟ ಒಮಿದ್ ಮೆಮಾರ್. ಗುಂಪಿನ ನಾಯಕ ವಿಮಾನ ಕೆಳಗೆ ಬೀಳಿಸಲು ಹೋದಾಗ ತಡೆದು ಅವನನ್ನು ಕೊಲ್ಲುವುದು ವೆದಾತೇ. ಅವನಿಗೆ ಸಾಯಲು ಇಷ್ಟವಿಲ್ಲ. ಅಷ್ಟು ಹೊತ್ತು ಸ್ಕ್ರೀನಿನಲ್ಲಿ ಮಸುಕಾಗಿದ್ದವನು ಬಾಗಿಲು ದಾಟಿ ಒಳಗೆ ಬಂದ ಕೂಡಲೇ ಬೆವರು, ನಡುಕ, ಕಣ್ಣೀರು ಇರುವ ಮನುಷ್ಯನಾಗುತ್ತಾನೆ. ವಿಮಾನ ಹ್ಯಾನೋವರ್‌ನಲ್ಲಿ ಇಳಿದ ಮೇಲೆ ಕ್ಯಾಪ್ಟನ್ ಸೀಟು, ಕೋ-ಪೈಲಟ್ ಸೀಟು, ಇಷ್ಟೇ ಜಾಗ. ಇಬ್ಬರ ಮೈ ಮೇಲೂ ರಕ್ತ. ಹುಡುಗನ ಕೈಯಲ್ಲಿ ಚಾಕು, ಜೇಬಿನಲ್ಲಿ ಫೋನು. ಅದು ಹೊಡೆದುಕೊಳ್ಳುತ್ತದೆ. ಅವನ ಅಮ್ಮ. ಎಲ್ಲಿದ್ದೀಯಾ ಅಂತ ಕೇಳುವ ಎಲ್ಲ ಅಮ್ಮಂದಿರ ಕರೆ. ಇವನು ಹೇಳುವುದಾದರೂ ಏನು? ನಿರ್ದೇಶಕರು ಇಲ್ಲಿ ಉದ್ದುದ್ದ ಶಾಟ್ ಬಿಟ್ಟು ನಟರಿಗೆ ಮಾತು ಹುಡುಕಿಕೊಳ್ಳಲು ಅವಕಾಶ ಕೊಟ್ಟಿದ್ದಾರೆ. ಅದಕ್ಕೇ ಮಾತು ಅರ್ಧಕ್ಕೆ ತುಂಡಾಗುತ್ತದೆ, ಮತ್ತೆ ಶುರುವಾಗುತ್ತದೆ. ಕೊನೆಗೆ ಹೊರಗಿನಿಂದ ಪೊಲೀಸರ ಗುಂಡು. ಆಮೇಲೂ ಖಾಲಿ ಕಾಕ್‌ಪಿಟ್‌ನಲ್ಲಿ ಫೋನು ಹೊಡೆದುಕೊಳ್ಳುತ್ತಲೇ ಇರುತ್ತದೆ.

ಒಂದು ದೂರು ಇದೆ. ವೆದಾತ್ ಒಳ್ಳೆಯವನಾಗಲು ಸಿನಿಮಾ ಅವನನ್ನು ಮಗು ಮಾಡಿತು. ಹೆದರಿದ ಮಗುವಿನ ಮೇಲೆ ಯಾರಿಗಾದರೂ ಮರುಕ ಬರುತ್ತದೆ. ಅವನು ಯಾರ ಮಾತಿಗೆ ಮರುಳಾದ, ಬರ್ಲಿನ್‌ನ ಯಾವ ಬೀದಿಯಲ್ಲಿ ಯಾರು ಅವನನ್ನು ಏನಂತ ಕರೆದರು, ಅದನ್ನು ಹೇಳುವ ಗೋಜಿಗೆ ಹೋಗಲಿಲ್ಲ. ಮರುಕ ಕೊಟ್ಟಿತು, ಕಾರಣ ಕೊಡಲಿಲ್ಲ.

ಹಾಗಾಗಿ ಯಾರು ಸರಿ ಅಂದರೆ: ನಿಮ್ಮ ಗೆಳೆಯ ನೋಡಿದ ಅರ್ಧಕ್ಕೆ ಅವನ ಮಾತು ಪೂರ್ತಿ ಸರಿ. ಅವನು ಎದ್ದದ್ದು ವೆದಾತ್ ಒಳಗೆ ಬರುವ ಮೊದಲು ಅಂತ ನನ್ನ ಊಹೆ. ನಿಮಗೆ ಇಷ್ಟವಾದದ್ದು ಅವನು ನೋಡದ ಅರ್ಧ. ಹಾಗಂತ ‘ಉಳಿದದ್ದೂ ನೋಡು, ಮನಸ್ಸು ಬದಲಾಗುತ್ತೆ’ ಅಂತ ಅವನ ಬೆನ್ನು ಹತ್ತಬೇಡಿ. ಅವನಿಗೆ ಮರುಕ ಬೇಕಿಲ್ಲದಿರಬಹುದು. ಮತ್ತೆ ಜೊತೆಗೆ ಕೂತು ನೋಡುವ ಮನಸ್ಸಿದ್ದರೆ ಫಾತಿಹ್ ಅಕಿನ್ ಮಾಡಿದ ‘ಇನ್ ದ ಫೇಡ್’ ಹಾಕಿ. ಅಕಿನ್ ಹ್ಯಾಂಬರ್ಗ್‌ನಲ್ಲಿ ಹುಟ್ಟಿದ ಟರ್ಕಿ ಮೂಲದ ನಿರ್ದೇಶಕ. ನವನಾಜಿಗಳ ಬಾಂಬಿಗೆ ಗಂಡನನ್ನೂ ಮಗನನ್ನೂ ಕಳೆದುಕೊಂಡ ಹೆಂಗಸಿನ ಕತೆ ಅದು. ಆ ಪಾತ್ರಕ್ಕೆ ಡಯಾನೆ ಕ್ರುಗರ್‌ಗೆ 2017ರ ಕಾನ್ ಚಿತ್ರೋತ್ಸವದಲ್ಲಿ ಅತ್ಯುತ್ತಮ ನಟಿ ಪ್ರಶಸ್ತಿ ಬಂತು. ಅಲ್ಲೂ ಪೊಲೀಸರು ಮೊದಲು ತನಿಖೆ ಮಾಡುವುದು ಸತ್ತ ಗಂಡನನ್ನೇ.

ಕೊನೆಯದು ನಿಮ್ಮ ಮನೆಯವರ ಭಯ. ಗಾಜಿನ ಚಾಕು ನೋಡಿ ಹೆದರಿರಬಹುದು. ಸೆಕ್ಯುರಿಟಿ ದಾಟಿದ ಮೇಲೆ ಡ್ಯೂಟಿ ಫ್ರೀಯಲ್ಲಿ ಗಾಜಿನ ಬಾಟಲಿ ಕೊಳ್ಳಬಹುದು ಅನ್ನುವುದು ನಿಜ, ಸಿನಿಮಾ ಅದೇ ಸಂದು ಹಿಡಿದಿದೆ. ಆದರೆ ಅದೇ ಸಿನಿಮಾದಲ್ಲಿ ಟೋಬಿಯಸ್ ಮೈಕ್‌ನಲ್ಲಿ ‘ಅವರ ಹತ್ತಿರ ಇರುವುದು ಬರೀ ಗಾಜು’ ಅಂತ ಹೇಳಿದ ಕೂಡಲೇ ಪ್ರಯಾಣಿಕರು ಮೇಲೆ ಬೀಳುತ್ತಾರೆ, ಅಲ್ವಾ? ಅದು ಕಟ್ಟುಕತೆ ಅಲ್ಲ. 2001ರ ಡಿಸೆಂಬರ್‌ನಲ್ಲಿ ಪ್ಯಾರಿಸ್–ಮಯಾಮಿ ವಿಮಾನದಲ್ಲಿ ಬೂಟಿನೊಳಗಿನ ಬಾಂಬಿಗೆ ಕಡ್ಡಿ ಗೀರಿದವನನ್ನು ಹಿಡಿದು ಕಟ್ಟಿದ್ದು ಸಿಬ್ಬಂದಿ, ಪ್ರಯಾಣಿಕರು. 2009ರ ಕ್ರಿಸ್‌ಮಸ್ ದಿನ ಆಮ್‌ಸ್ಟರ್‌ಡ್ಯಾಮ್–ಡೆಟ್ರಾಯಿಟ್ ವಿಮಾನದಲ್ಲೂ ಹಾಗೇ ಆಯಿತು. 2001ಕ್ಕೆ ಮುಂಚೆ ಸುಮ್ನೆ ಕೂರುವುದೇ ಜಾಣತನ ಅಂದುಕೊಂಡಿದ್ದರು, ಈಗ ಯಾರೂ ಸುಮ್ನೆ ಕೂರುವುದಿಲ್ಲ. ಬಾಗಿಲು ತೆರೆಯುವ ಆ ಗಳಿಗೆಯನ್ನೂ ಗಟ್ಟಿ ಮಾಡುತ್ತಿದ್ದಾರೆ. ಹೊಸದಾಗಿ ತಯಾರಾಗುವ ಪ್ರಯಾಣಿಕ ವಿಮಾನಗಳಲ್ಲಿ ಕಾಕ್‌ಪಿಟ್ ಬಾಗಿಲಿನ ಮುಂದೆ ಇನ್ನೊಂದು ತಡೆಗೇಟು ಇರಬೇಕು ಅಂತ ಅಮೆರಿಕ 2023ರಲ್ಲಿ ನಿಯಮ ಮಾಡಿದೆ.

ಟಿಕೆಟ್ ಕ್ಯಾನ್ಸಲ್ ಮಾಡಬೇಡಿ. ಕೂತಷ್ಟು ಹೊತ್ತೂ ಸೀಟ್ ಬೆಲ್ಟ್ ಸಡಿಲವಾಗಿಯಾದರೂ ಹಾಕಿಕೊಂಡಿರಿ ಅಂತ ಮನೆಯವರಿಗೆ ಹೇಳಿ. ವಿಮಾನದೊಳಗೆ ಜನಕ್ಕೆ ಪೆಟ್ಟಾಗುವುದು ಹೆಚ್ಚಾಗಿ ಗಾಳಿಯ ಕುಲುಕಾಟದಿಂದ, ಅದೂ ಬೆಲ್ಟ್ ಬಿಚ್ಚಿಕೊಂಡು ಕೂತವರಿಗೆ.